ಹಸೆಯೊಳಗೆ ರೈಲು ಬಿಡಬಹುದಾ?

ಪ್ರಶ್ನೆ: ನಾನು ಸಾಗರ ತಾಲೂಕಿನ ದೀವರ ಮನೆಯ ಹುಡುಗಿ. ವಯಸ್ಸು 27, ಬೆಂಗಳೂರಿನಲ್ಲಿ ಕೆಲಸ. ನಮ್ಮ ಅಜ್ಜಿ ಚಿತ್ತಾರಗಿತ್ತಿ, ಅಂದರೆ ಗೋಡೆ, ಬುಟ್ಟಿಗಳ ಮೇಲೆ ನಮ್ಮ ಜನರ ಚಿತ್ತಾರ ಬರೆಯುವವರು. ಸುತ್ತಲಿನ ಊರುಗಳಲ್ಲಿ ಮದುವೆ ಅಂದರೆ ಹಸೆಗೋಡೆ (ಮದುಮಕ್ಕಳು ಕೂರುವ ಜಾಗದ ಹಿಂದಿನ ಗೋಡೆಯ ಚಿತ್ರ) ಬರೆಯೋಕೆ ಅವರನ್ನೇ ಕರೆಯುತ್ತಿದ್ದರು. ಈಗ ಅವರಿಗೆ 80 ದಾಟಿದೆ, ಕೈ ನಡುಗುತ್ತೆ. ಚಿಕ್ಕಂದಿನಲ್ಲಿ ಪಕ್ಕ ಕೂತು ನೋಡಿದ್ದೆ. ಲಾಕ್‌ಡೌನ್‌ನಲ್ಲಿ ಊರಲ್ಲಿದ್ದಾಗ ಕಲಿಯೋಕೆ ಶುರು ಮಾಡಿದೆ. ಈಗ ಕ್ಯಾನ್ವಾಸ್ ಮೇಲೆ ಅಕ್ರಿಲಿಕ್‌ನಲ್ಲಿ ಬರೆದು ಇನ್‌ಸ್ಟಾಗ್ರಾಂಗೆ ಹಾಕುತ್ತೇನೆ. ಹೋದ ತಿಂಗಳು ಹಸೆಯ ನಡುವೆ, ಮದುಮಕ್ಕಳ ದಂಡಿಗೆ (ಪಲ್ಲಕ್ಕಿ) ಇರುವ ಜಾಗದಲ್ಲಿ, ನಮ್ಮ ಮೆಟ್ರೊ ರೈಲು ಬರೆದೆ. ತುಂಬಾ ಜನ ಮೆಚ್ಚಿದರು. ಆದರೆ ದೊಡ್ಡಪ್ಪ ಫೋನ್ ಮಾಡಿ, 'ಹಸೆಯೊಳಗೆ ರೈಲು ಬಿಡ್ತೀಯಾ? ನಾಳೆ ದೇವರಿಗೂ ಪ್ಯಾಂಟು ಹಾಕ್ತೀಯಾ?' ಅಂತ ಬೈದರು. ಅಜ್ಜಿ ಮಾತ್ರ ಚಿತ್ರ ನೋಡಿ ನಕ್ಕು ಸುಮ್ಮನಾದರು. ಅದೇ ಪೋಸ್ಟ್ ನೋಡಿ ಒಂದು ಬಟ್ಟೆ ಕಂಪನಿಯವರು ಮೇಲ್ ಮಾಡಿದ್ದಾರೆ. ಕುರ್ತಾ, ಸೀರೆಗೆ 12 ಚಿತ್ರ ಬರೆದುಕೊಡಿ, ಒಟ್ಟು 30,000 ರೂಪಾಯಿ ಕೊಡ್ತೀವಿ, ಎಲ್ಲಾ ಹಕ್ಕೂ ನಮ್ಮದು ಅಂತಿದ್ದಾರೆ. ಇನ್ನು ನೋಡಿದವರೆಲ್ಲ 'ಓ, ವಾರ್ಲಿ ಅಲ್ವಾ?' ಅಂತಾರೆ. ನಾನು ಬರೆಯುತ್ತಿರೋದು ಚಿತ್ತಾರವಾ, ಇಲ್ಲ ಅದನ್ನು ಕೆಡಿಸುತ್ತಿದ್ದೇನಾ? ಜಿಐ (ಭೌಗೋಳಿಕ ಗುರುತು) ಸಿಕ್ಕಿದರೆ ನಮಗೆ ರಕ್ಷಣೆ ಇರುತ್ತಾ? ಕಂಪನಿಗೆ ಕೊಡಬಹುದಾ? ಚಿತ್ರದ ಮೇಲೆ ಅಜ್ಜಿಯ ಹೆಸರು ಹಾಕಬಹುದಾ? ನನ್ನ ಹೆಸರು ಹಾಕಬೇಡಿ.

ಉತ್ತರ: ಮೊದಲು ಒಂದು ಮಾತು. ಕಂಪನಿಗೆ ಇನ್ನೂ 'ಆಗಲಿ' ಅಂತ ಉತ್ತರ ಬರೆದಿಲ್ಲ ತಾನೇ? ಬರೆಯಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನೀವು ಕೇಳಿರುವ ಪ್ರಶ್ನೆ ನಾಲ್ಕೈದು. ಆದರೆ ಪತ್ರದ ತುಂಬಾ ಇರುವುದು ಒಂದೇ ಭಯ. ಅಜ್ಜಿ ಕೊಟ್ಟದ್ದು ನನ್ನ ಕೈಯಲ್ಲಿ ಹಾಳಾಗುತ್ತಿದೆಯಾ ಅನ್ನೋದು. 22 ವರ್ಷಗಳಿಂದ ಗೋಡೆ ಚಿತ್ರ, ಬಟ್ಟೆ ಚಿತ್ರಗಳ ದಾಖಲೆ ಮತ್ತು ಸಂರಕ್ಷಣೆಯ ಕೆಲಸ ಮಾಡುತ್ತಿದ್ದೇನೆ. ಈ ಭಯ ಇಲ್ಲದ ಒಳ್ಳೆ ಕಲಾವಿದರನ್ನು ನಾನು ಕಂಡಿಲ್ಲ. ಭಯ ಇಲ್ಲದವರನ್ನೂ ಕಂಡಿದ್ದೇನೆ, ಅವರು ಮಗ್ಗು, ಕೀಚೈನ್ ಮೇಲೆ ಚಿತ್ತಾರ ಅಚ್ಚು ಹೊಡೆಸುತ್ತಿದ್ದಾರೆ.

ದೊಡ್ಡಪ್ಪನ ಬೈಗುಳದಿಂದಲೇ ಶುರು ಮಾಡೋಣ. ಅವರ ಮಾತಿನ ಹಿಂದೆ ಒಂದು ನಂಬಿಕೆ ಇದೆ: ಪರಂಪರೆಯ ಚಿತ್ರ ಅಂದರೆ ಸಾವಿರಾರು ವರ್ಷದಿಂದ ಹೀಗೇ ಇದೆ, ಒಂದು ಎಳೆಯೂ ಬದಲಾಗಬಾರದು. ಇದನ್ನು ಮಾರಾಟ ಮಳಿಗೆಗಳ ಚೀಟಿಯಲ್ಲೂ ಅಚ್ಚು ಹಾಕಿರುತ್ತಾರೆ. ಕೇಳೋಕೆ ಚೆನ್ನಾಗಿರುತ್ತೆ, ಆದರೆ ಪೂರ್ತಿ ನಿಜವಲ್ಲ.

ಮಧ್ಯಪ್ರದೇಶದ ಗೊಂಡ್ ಚಿತ್ರಕಲೆ ನೋಡಿದ್ದೀರಲ್ಲ, ಜಿಂಕೆಯ ಕೊಂಬೇ ಮರವಾಗಿ ಬೆಳೆದಿರುತ್ತೆ, ಮೈ ತುಂಬಾ ಸಣ್ಣ ಚುಕ್ಕೆ, ಗೀಟು. ಅದನ್ನೂ 'ಅನಾದಿ ಕಾಲದ್ದು' ಅಂತಲೇ ಮಾರುತ್ತಾರೆ. ಆದರೆ ನಾವು ಇವತ್ತು ಕಾಗದದ ಮೇಲೆ ನೋಡುವ ಆ ಶೈಲಿ 1980ರ ದಶಕದ್ದು. ಪಾಟನ್‌ಗಢ ಎಂಬ ಹಳ್ಳಿಯ ಜನಗಢ ಸಿಂಗ್ ಶ್ಯಾಮ್ ಎಂಬ ಹುಡುಗನ ಕೈಯಿಂದ ಬಂದದ್ದು. ಅವರು ಪರಧಾನ ಗೊಂಡರು. ಪರಧಾನರು ಗೊಂಡರ ಹಾಡುಗಾರರು. ಬಾನಾ ಎಂಬ ತಂತಿವಾದ್ಯ ನುಡಿಸುತ್ತಾ ಯಜಮಾನರ ಮನೆಗಳಲ್ಲಿ ಬಡಾ ದೇವನ ಕಥೆ, ರಾಜರ ಕಥೆ ಹಾಡುವುದು ಅವರ ಕಸುಬು. ಮನೆ ಗೋಡೆ, ನೆಲದ ಮೇಲೆ ಹೆಂಗಸರು ಬರೆಯುವ ಡಿಗ್ನಾ ಇತ್ತು. ಆದರೆ ಹಾಡಿನಲ್ಲಿದ್ದ ದೇವರುಗಳು ಹೀಗೆ ಚಿತ್ರವಾಗಿ ಇಳಿದಿರಲಿಲ್ಲ. 1981ರ ಹೊತ್ತಿಗೆ ಭೋಪಾಲದ ಭಾರತ ಭವನ ಎಂಬ ಕಲಾಕೇಂದ್ರಕ್ಕಾಗಿ ಕಲಾವಿದ ಜೆ. ಸ್ವಾಮಿನಾಥನ್ ಅವರ ತಂಡ ಹಳ್ಳಿ ಹಳ್ಳಿ ಸುತ್ತುತ್ತಿತ್ತು. ಪಾಟನ್‌ಗಢದ ಗೋಡೆಯ ಮೇಲೆ ಈ ಹುಡುಗನ ಚಿತ್ರ ಅವರ ಕಣ್ಣಿಗೆ ಬಿತ್ತು. ಕಾಗದ, ಬಣ್ಣ ಕೈಗೆ ಬಂತು. 1989ರಲ್ಲಿ ಅವರ ಚಿತ್ರಗಳು ಪ್ಯಾರಿಸ್ಸಿನ ಪೊಂಪಿಡು ಸೆಂಟರ್‌ನಲ್ಲಿದ್ದವು. ಬಾನಾದ ಹಾಡು ಕಿವಿಯಿಂದ ಕಣ್ಣಿಗೆ ದಾಟಿದ್ದು ಒಬ್ಬ ಮನುಷ್ಯನ ಕಾಲದಲ್ಲಿ. ಇವತ್ತು ಆ ಹಳ್ಳಿಯಲ್ಲಿ ಮನೆ ಮನೆಯಲ್ಲೂ ಚಿತ್ರಕಾರರಿದ್ದಾರೆ, ಒಬ್ಬೊಬ್ಬರಿಗೂ ಮೈ ತುಂಬುವ ಗುರುತು ಬೇರೆ ಬೇರೆ. ಚುಕ್ಕೆ ನೋಡಿಯೇ ಇದು ಇಂಥವರದು ಅನ್ನಬಹುದು.

ನಿಮ್ಮನ್ನು ಕಾಡುವ ವಾರ್ಲಿಯದೂ ಹೆಚ್ಚು ಕಡಿಮೆ ಇದೇ ಕಥೆ. ಮಹಾರಾಷ್ಟ್ರದ ಪಾಲ್ಘರ್ ಕಡೆಯ ಆದಿವಾಸಿಗಳದು ಅದು. ಅಲ್ಲೂ ಮದುವೆ, ಅಲ್ಲೂ ಮಣ್ಣಿನ ಗೋಡೆ, ಅಲ್ಲೂ ಅಕ್ಕಿಹಿಟ್ಟು, ಅಲ್ಲೂ ಹೆಂಗಸರ ಕೈ. 1970ರ ದಶಕದಲ್ಲಿ ಜಿವ್ಯಾ ಸೋಮಾ ಮಶೆ ಎಂಬ ಗಂಡಸು, ಮದುವೆ ಇಲ್ಲದೆಯೂ, ದಿನಾ ಬರೆಯೋಕೆ ಶುರು ಮಾಡಿದರು. ಆಮೇಲೆ ಕಾಗದ, ಬಟ್ಟೆ, ಪ್ರದರ್ಶನ. 2011ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗಂಡಸು ಹಿಡಿದ ಕುಂಚವೇ ಅಲ್ಲಿ ದೊಡ್ಡ ಬದಲಾವಣೆ. ರೈಲು ಅದರ ಮುಂದೆ ಏನೂ ಅಲ್ಲ.

ಹಾಗಂತ ದೊಡ್ಡಪ್ಪ ತಪ್ಪು, ನೀವು ಸರಿ ಅಂತ ತೀರ್ಪು ಕೊಡೋಕೆ ನಾನು ತಯಾರಿಲ್ಲ. ಪತ್ರದ ಜೊತೆ ಕಳಿಸಿದ ಮೆಟ್ರೊ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಬೇಜಾರಾಗಬೇಡಿ, ರೈಲು ಅಲ್ಲಿ ಹೊರಗಿನದಾಗಿಯೇ ಕಾಣುತ್ತೆ. ಕಾರಣ ಅದು ರೈಲಾಗಿರೋದಲ್ಲ. ಸುತ್ತಲಿನ ಅಂಚನ್ನು ನೀವು ಫೋಟೊ ಫ್ರೇಮಿನ ಹಾಗೆ ಬಳಸಿದ್ದೀರಿ. ನಾಲ್ಕು ಕಡೆ ಎಳೆ, ಮಧ್ಯೆ ಒಂದು ಖಾಲಿ ಜಾಗ, ಅದರಲ್ಲಿ ಎಲ್ಲಿಂದಲೋ ತಂದು ಅಂಟಿಸಿದ ಹಾಗೆ ಒಂದು ರೈಲು. ರೈಲಿಗೆ ಮೂರನೇ ಆಯಾಮವೂ ಇದೆ, ಹಿಂದಿನ ಬೋಗಿ ಚಿಕ್ಕದಾಗುತ್ತಾ ಹೋಗಿದೆ. ಹಸೆಯಲ್ಲಿ ದೂರ, ಹತ್ತಿರ ಅಂತ ಇಲ್ಲವಲ್ಲ?

ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಸೊರಬದ ಕಡೆ ಒಂದು ಮನೆಗೆ ಹೋಗಿ, ವಯಸ್ಸಾದ ಚಿತ್ತಾರಗಿತ್ತಿಯೊಬ್ಬರ ಕೈಗೆ ಎ4 ಹಾಳೆ ಕೊಟ್ಟು, 'ಅಮ್ಮಾ, ಒಂದು ಹಸೆ ಬರೆದುಕೊಡಿ' ಅಂದೆ. ಅವರು ನೆಲದ ಮೇಲೆ ಹಾಳೆ ಹರಡಿ ಹೊರಗಿನ ಎಳೆ ಎಳೆದರು. ಅದರ ಒಳಗೆ ಇನ್ನೊಂದು, ಮತ್ತೊಂದು. ಎಳೆ ಎಳೆ ಕೂಡುವ ಕಡೆ ನಿಲಿ ಎಂಬ ವಿನ್ಯಾಸ ತುಂಬಿದರು. ಜೋಗಿಜಡೆ ಎಂಬ ಇನ್ನೊಂದು ವಿನ್ಯಾಸ ಹಾಕೋಕೆ ಹೊರಟವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. 'ಕಾಗ್ದ ಮುಗೀತಲ್ಲ ಮಗಾ, ಹಸೆ ಇನ್ನೂ ಶುರುವೇ ಆಗಿಲ್ಲ.' ನನಗೆ ನಗು ಬಂತು. ಆಮೇಲೆ ಬಸ್ಸಲ್ಲಿ ಕೂತಾಗ ನಾಚಿಕೆಯಾಯಿತು. ನನಗೆ ನಡುವಿನ ಗೊಂಬೆಗಳೇ ಚಿತ್ರ, ಉಳಿದದ್ದು ಅಂಚು. ಅವರಿಗೆ ಎಳೆಯೇ ಚಿತ್ರ. ಎಳೆ ಹೊರಗಿಂದ ಒಳಗೆ ಬರುತ್ತಾ ಬರುತ್ತಾ ಕೊನೆಗೆ ಮದುಮಕ್ಕಳು ಕೂರುವ ಜಾಗ ಸಿಗಬೇಕು. ಹಸೆ ಅಂದರೆ ಆ ಕೂರುವ ಜಾಗವೇ ಅಲ್ವಾ? ಗೋಡೆಯ ಮುಂದೆ ಹುಡುಗ ಹುಡುಗಿ ಕೂತಾಗ ಮಾತ್ರ ಅದು ಪೂರ್ತಿಯಾಗುತ್ತೆ.

'ವಾರ್ಲಿ ಅಲ್ವಾ' ಅನ್ನೋರಿಗೆ ಕೊಡುವ ಉತ್ತರವೂ ಇದರಲ್ಲೇ ಇದೆ. ವಾರ್ಲಿಯಲ್ಲಿ ಜನ ಓಡಾಡುತ್ತಾರೆ. ಕುಣಿಯುತ್ತಾರೆ, ಬೇಟೆಯಾಡುತ್ತಾರೆ, ನೀರು ಸೇದುತ್ತಾರೆ. ಹಸೆಯಲ್ಲಿ ಓಡಾಡುವುದು ಎಳೆ. ಜನ ಕಡಿಮೆ, ಇದ್ದವರೂ ತಮ್ಮ ತಮ್ಮ ಜಾಗದಲ್ಲಿ ನಿಂತಿರುತ್ತಾರೆ. ನೇಯ್ಗೆಗೂ ಹಸೆಗೂ ಇರುವಷ್ಟು ಹತ್ತಿರದ ಹೋಲಿಕೆ ವಾರ್ಲಿಗೂ ಹಸೆಗೂ ಇಲ್ಲ ಅಂತ ನನ್ನ ಅನಿಸಿಕೆ.

ಹಾಗಾದರೆ ರೈಲು ಬರೆಯಲೇಬಾರದಾ? ಬರೆಯಿರಿ. ಆದರೆ ಎಳೆಯಿಂದ ಕಟ್ಟಿ. ಜನಗಢರ ಸಂಬಂಧಿ, 2018ರಲ್ಲಿ ಪದ್ಮಶ್ರೀ ಪಡೆದ ಭಜ್ಜು ಶ್ಯಾಮ್ ಒಮ್ಮೆ ಲಂಡನ್ನಿನ ಒಂದು ರೆಸ್ಟೋರೆಂಟಿನ ಗೋಡೆಗೆ ಚಿತ್ರ ಬರೆಯೋಕೆ ಹೋಗಿದ್ದರು. ವಾಪಸ್ ಬಂದು ಕಂಡದ್ದನ್ನು ಬರೆದರು. ಅವರ ಲಂಡನ್ನಿನಲ್ಲಿ ಬಿಗ್ ಬೆನ್ ಗಡಿಯಾರ ಒಂದು ಹುಂಜ, ಯಾಕೆಂದರೆ ಅವರ ಊರಲ್ಲಿ ಹೊತ್ತು ಹೇಳುವುದು ಹುಂಜ. ದಿನಾ ಹತ್ತುವ ಬಸ್ಸು ನಾಯಿ, ಹೇಳಿದ ಜಾಗಕ್ಕೆ ನಿಯತ್ತಾಗಿ ತಂದು ಬಿಡುತ್ತೆ ಅಂತ. ಅವರು ಬಸ್ಸಿನ ಆಕಾರ ತಂದು ಗೊಂಡ್ ಚುಕ್ಕೆ ತುಂಬಲಿಲ್ಲ. ಬಸ್ಸು ತಮ್ಮ ಊರಿಗೆ ಬಂದರೆ ಯಾರಾಗುತ್ತೆ ಅಂತ ಯೋಚಿಸಿದರು. ನಿಮ್ಮ ಮೆಟ್ರೊ ನಿಮ್ಮೂರಿಗೆ ಬಂದರೆ ಏನಾಗುತ್ತೆ? ದಂಡಿಗೆಯ ಜಾಗದಲ್ಲಿ ಇಟ್ಟಿದ್ದೀರಿ, ಅದು ಒಳ್ಳೆ ಹೊಳಹು. ದಂಡಿಗೆ ಹೆಣ್ಣನ್ನು ತವರಿಂದ ಕರೆದೊಯ್ಯುತ್ತೆ, ಮೆಟ್ರೊನೂ ನಿಮ್ಮನ್ನು ಎಲ್ಲಿಂದ ಎಲ್ಲಿಗೋ ಕರೆದೊಯ್ಯುತ್ತಿದೆ. ಅಷ್ಟು ದೂರ ಬಂದು ಬಿಟ್ಟುಬಿಟ್ಟಿದ್ದೀರಿ. ಮುಂದುವರಿಸಿ.

ಒಂದು ಗೆರೆ ಮಾತ್ರ ಎಳೆದುಕೊಳ್ಳಿ. ಮದುವೆಗೆ ಅಂತ ಬರೆಯುವ ಹಸೆ ಬೇರೆ, ನಿಮ್ಮ ಕ್ಯಾನ್ವಾಸ್ ಬೇರೆ. ಭೂಮಿ ಹುಣ್ಣಿಮೆಯ ಬುಟ್ಟಿ ಬೇರೆ, ಅಂಗಡಿಯ ಬುಟ್ಟಿ ಬೇರೆ. ಬಸುರಿ ಭೂಮಿಗೆ ಬಯಕೆಯ ಊಟ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಪ್ರಯೋಗ ಮಾಡುವ ಅಧಿಕಾರ ನಿಮಗೊಬ್ಬರಿಗೇ ಇಲ್ಲ. ಅದು ಮನೆಯವರದು, ಊರವರದು. ಆಸ್ಟ್ರೇಲಿಯಾದ ಪಪುನ್ಯಾ ಎಂಬಲ್ಲಿ 1971ರಲ್ಲಿ ಮೂಲನಿವಾಸಿ ಹಿರಿಯರು ಹಲಗೆಯ ಮೇಲೆ ಬರೆಯೋಕೆ ಶುರು ಮಾಡಿದಾಗ ಇದೇ ಜಗಳ ಎದ್ದಿತ್ತು. ಹೊರಗಿನವರು ನೋಡಬಾರದ ಆಚರಣೆಯ ಗುರುತುಗಳು ಮಾರಾಟಕ್ಕೆ ಹೋಗುತ್ತಿವೆ ಅಂತ ಅವರ ಜನರೇ ಆಕ್ಷೇಪ ಎತ್ತಿದರು. ಕಲಾವಿದರು ಆ ಗುರುತುಗಳನ್ನು ಬಿಟ್ಟರು, ಇಲ್ಲವೇ ಚುಕ್ಕೆಗಳ ಕೆಳಗೆ ಮುಚ್ಚಿದರು. ಇವತ್ತು ಜಗತ್ತು ಮೆಚ್ಚುವ ಆ ಚುಕ್ಕೆ ಚಿತ್ರಗಳು ಅಷ್ಟು ಬೆಳೆದದ್ದರ ಹಿಂದೆ ಈ ಮುಚ್ಚಿಡುವಿಕೆಯೂ ಇದೆ. ನಿಮ್ಮ ಅಜ್ಜಿಯನ್ನು ಕೇಳಿ, ಯಾವುದು ಮದುವೆಗೆ ಮಾತ್ರ, ಯಾವುದು ಎಲ್ಲಿ ಬೇಕಾದರೂ. 'ಎಲ್ಲಾ ಬರೀಬೋದು ಬಿಡು' ಅನ್ನಬಹುದು. ಅಂದರೆ ಒಳ್ಳೆಯದೇ.

ಇನ್ನು ಅಕ್ರಿಲಿಕ್. ಇದರ ಬಗ್ಗೆ ಜನ ಇಷ್ಟು ಯಾಕೆ ತಲೆ ಕೆಡಿಸಿಕೊಳ್ಳುತ್ತಾರೋ ನನಗೆ ಗೊತ್ತಿಲ್ಲ. ಕೆಮ್ಮಣ್ಣು, ನೆನೆಸಿ ಅರೆದ ಅಕ್ಕಿಯ ಬಿಳಿ, ಕರಿಯಾಗುವ ತನಕ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಇವೆಲ್ಲ ಪವಿತ್ರ ಅಂತ ಆರಿಸಿದ್ದಲ್ಲ, ಕೈಗೆ ಸಿಗುತ್ತಿದ್ದವು ಅಂತ ಬಳಸಿದ್ದು. ಗೋಡೆಯ ಚಿತ್ರ ಉಳಿಯಬೇಕು ಅಂತಲೂ ಯಾರೂ ಅಂದುಕೊಂಡಿರಲಿಲ್ಲ. ಮುಂದಿನ ಮದುವೆಗೆ ಹೊಸ ಸಾರಣೆ, ಹೊಸ ಹಸೆ. ಆದರೆ ನೀವು ಮಾರುವ ಚಿತ್ರ ಒಬ್ಬರ ಮನೆಯಲ್ಲಿ 20 ವರ್ಷ ನೇತಾಡಬೇಕು. ಅಲ್ಲಿ ಲೆಕ್ಕ ಬೇರೆ.

ಕೆಮ್ಮಣ್ಣು ಅಂದರೆ ಕಬ್ಬಿಣದ ತುಕ್ಕು, ಅಕ್ಕಿಯ ಕಪ್ಪು ಅಂದರೆ ಇಂಗಾಲ. ಇವೆರಡೂ ಬಿಸಿಲಿಗೆ ಜಗ್ಗುವುದಿಲ್ಲ. ಗುರಿಗೆಯ ಹಳದಿ ಗಿಡದ ಬಣ್ಣ, ಬೆಳಕಿಗೆ ಮಂಕಾಗುತ್ತೆ. ಅಕ್ಕಿಹಿಟ್ಟಿನ ಬಿಳಿ ಅಂದರೆ ಜಿರಲೆಗೂ ಬೆಳ್ಳಿಹುಳಕ್ಕೂ ಊಟ. ಮಲೆನಾಡಿನ ಮಳೆಗಾಲದಲ್ಲಿ ಬೂಸ್ಟು ಬೇರೆ. ಅಂಟು ಸೇರಿಸದೆ ಬರೆದರೆ ಒಣಗಿದ ಮೇಲೆ ಪುಡಿ ಪುಡಿ. ನಾನು ಕೆಲಸ ಮಾಡಿದ ಒಂದು ಕಡೆ ಬಟ್ಟೆಯ ಮೇಲೆ ಬರೆಸಿದ ಚಿತ್ರಗಳನ್ನು ಸುರುಳಿ ಸುತ್ತಿ ಇಟ್ಟಿದ್ದರು. ಮೂರು ವರ್ಷ ಬಿಟ್ಟು ಬಿಚ್ಚಿದಾಗ ಬಿಳಿ ಎಳೆಗಳೆಲ್ಲ ಮೇಜಿನ ಮೇಲಿದ್ದವು, ಬಟ್ಟೆಯ ಮೇಲೆ ಬರೀ ಕೆಂಪು. ಆ ಪುಡಿಯನ್ನು ಗುಡಿಸಿ ಹಾಕಿದ್ದು ನಾನೇ. ಆದ್ದರಿಂದ ಹಳೆ ಬಣ್ಣವೇ ಬೇಕು ಅಂದರೆ ಜಾಲಿ ಅಂಟು ಬೆರೆಸಿ, ಸುರುಳಿ ಸುತ್ತಬೇಡಿ, ಗಾಜಿನ ಚೌಕಟ್ಟು ಹಾಕಿಸಿ, ನೇರ ಬಿಸಿಲು ಬೀಳದ ಕಡೆ ತೂಗುಹಾಕೋಕೆ ಹೇಳಿ. ಕ್ಯಾನ್ವಾಸಿಗೆ ಅಕ್ರಿಲಿಕ್ ಆರಾಮು. ಆದರೆ ಅಜ್ಜಿ ಮನೆಯ ಮಣ್ಣಿನ ಗೋಡೆಗೆ ಮಾತ್ರ ಅಕ್ರಿಲಿಕ್ ಹಚ್ಚಬೇಡಿ. ಅದು ಪ್ಲಾಸ್ಟಿಕ್ ಪದರ. ಗೋಡೆಯ ತೇವ ಹೊರಗೆ ಬರೋಕೆ ದಾರಿ ಇಲ್ಲದೆ ಮಣ್ಣು ಸಮೇತ ಏಳುತ್ತೆ. ಯಾವ ಬಣ್ಣ ಬಳಸಿದ್ದೀರೋ ಅದನ್ನು ಕೊಳ್ಳುವವರಿಗೆ ಹೇಳಿಬಿಡಿ. ಅಕ್ರಿಲಿಕ್‌ನಲ್ಲಿ ಬರೆದು 'ನೈಸರ್ಗಿಕ ಬಣ್ಣ' ಅನ್ನುವವರಿದ್ದಾರೆ, ಅದು ಮೋಸ.

ಅಕ್ರಿಲಿಕ್‌ಗಿಂತ ನನ್ನನ್ನು ಚಿಂತೆಗೆ ಹಚ್ಚಿದ್ದು ನಿಮ್ಮ ಕುಂಚ. ಚಿತ್ರ ದೊಡ್ಡದು ಮಾಡಿದಾಗ ಕಾಣುತ್ತೆ, ಎಳೆಗಳನ್ನು ಸ್ಕೇಲ್ ಇಟ್ಟು ಎಳೆದು ಆಮೇಲೆ ತುಂಬಿದ್ದೀರಿ. ಪುಂಡಿ ನಾರು ಉದ್ದ ಇರುತ್ತೆ, ತುಂಬಾ ಹಿಟ್ಟು ಹೀರಿಕೊಳ್ಳುತ್ತೆ. ಅದನ್ನು ಗೋಡೆಗೆ ಒತ್ತುವುದಿಲ್ಲ, ಮಲಗಿಸಿ ಎಳೆಯುತ್ತಾರೆ. ಬೆರಳು ಅಲ್ಲಾಡುವುದಿಲ್ಲ. ಮೊಣಕೈಯಿಂದ ಮುಂದಿನ ಕೈ ಪೂರ್ತಿ ಒಂದೇ ಉಸಿರಿನಲ್ಲಿ ಸಾಗುತ್ತೆ. ಎಳೆ ಶುರುವಾದ ಕಡೆ ತುಸು ದಪ್ಪ, ಮುಗಿಯುವ ಕಡೆ ತೆಳು. ಹತ್ತಿರ ನಿಂತರೆ ಪ್ರತಿ ಎಳೆಯೂ ಉಸಿರಾಡಿದ ಹಾಗಿರುತ್ತೆ. ಸ್ಕೇಲ್ ಎಳೆಗೆ ಅದು ಬರಲ್ಲ. ಬಣ್ಣ ಯಾವುದೇ ಇರಲಿ, ನಾರಿನ ಕುಂಚ ಒಂದು ಕಟ್ಟಿಕೊಂಡು ಆರು ತಿಂಗಳು ಬರೀ ಎಳೆ ಎಳೆಯಿರಿ. ಬೇಜಾರಿನ ಕೆಲಸ. ಅಜ್ಜಿಯೂ ಹುಡುಗಿಯಾಗಿದ್ದಾಗ ಬೈಸಿಕೊಂಡೇ ಮಾಡಿರುತ್ತಾರೆ.

ಜಿಐ ಬಗ್ಗೆ ಕೇಳಿದ್ದೀರಿ. ಅದರ ಮೇಲೆ ತುಂಬಾ ಆಸೆ ಇಟ್ಟುಕೊಳ್ಳಬೇಡಿ. 1999ರ ಆ ಕಾಯ್ದೆ ಕಾಪಾಡುವುದು ಊರಿಗೆ ಅಂಟಿದ ಹೆಸರನ್ನು. ಚನ್ನಪಟ್ಟಣದ ಗೊಂಬೆಗೆ ಜಿಐ ಇದೆ, ಅಂದರೆ ಬೇರೆಡೆ ಮಾಡಿದ ಗೊಂಬೆಯನ್ನು ಚನ್ನಪಟ್ಟಣದ್ದು ಅಂತ ಮಾರುವ ಹಾಗಿಲ್ಲ. ಅಷ್ಟೇ. ವಾರ್ಲಿಗೂ ಇದೆ, ಆದರೂ ವಾರ್ಲಿ ಗೊಂಬೆಗಳು ಬೆಂಗಳೂರಿನ ಎಷ್ಟು ಕಾಂಪೌಂಡ್ ಗೋಡೆ, ಎಷ್ಟು ಕಾಫಿ ಕಪ್ಪಿನ ಮೇಲಿವೆ ಎಣಿಸಿ ನೋಡಿ. ಹೆಸರು ಹೇಳದೆ ಎಳೆ ಕದ್ದರೆ ಜಿಐ ಹೆಚ್ಚೇನೂ ಮಾಡಲಾರದು. ಇರಲಿ, ಇದ್ದರೆ ಮಾರುಕಟ್ಟೆಯಲ್ಲಿ ಒಂದು ತೂಕ ಬರುತ್ತೆ. ಅದಕ್ಕಿಂತ ಬೇಗ ಉಪಯೋಗಕ್ಕೆ ಬರೋದು ಕೇಂದ್ರ ಕರಕುಶಲ ಇಲಾಖೆಯ ಪಹಚಾನ್ ಕಾರ್ಡು, ಕುಶಲಕರ್ಮಿಗಳ ಗುರುತಿನ ಚೀಟಿ. ಸರಕಾರಿ ಮೇಳದಲ್ಲಿ ಮಳಿಗೆ ಕೇಳೋಕೆ ಅದು ಬೇಕಾಗುತ್ತೆ. ಅಜ್ಜಿಗೂ ಮಾಡಿಸಿ.

ನಿಜವಾದ ಹಕ್ಕು ನಿಮ್ಮ ಕೈಯಲ್ಲೇ ಇದೆ, 1957ರ ಕಾಪಿರೈಟ್ ಕಾಯ್ದೆಯಲ್ಲಿ. ಜೋಗಿಜಡೆ, ಬಾಸಿಂಗ, ನಿಲಿ ಇವು ಯಾರೊಬ್ಬರ ಸೊತ್ತೂ ಅಲ್ಲ. ಆದರೆ ಅವನ್ನು ನೀವು ಜೋಡಿಸಿ ಬರೆದ ಆ ಒಂದು ಚಿತ್ರ ಬರೆದ ಗಳಿಗೆಯಿಂದಲೇ ನಿಮ್ಮದು. ನೋಂದಣಿ ಬೇಕಿಲ್ಲ. ನೀವು ಇರುವ ತನಕ ಮತ್ತು ಆಮೇಲೆ 60 ವರ್ಷ. ನಾನು ವಕೀಲೆಯಲ್ಲ. ಆದರೆ ಕಲಾವಿದರ ಜೊತೆ ಕರಾರು ಪತ್ರ ಓದಿ ಓದಿ ಕೆಲವು ಹಳ್ಳಗಳು ಎಲ್ಲಿವೆ ಅಂತ ಗೊತ್ತಾಗಿದೆ. ನಿಮ್ಮ ದಾರಿಯಲ್ಲಿ ಎರಡು ದೊಡ್ಡವು ಇವೆ.

ಮೊದಲನೆಯದಕ್ಕೇ ಮೇಲಿಗೆ ಉತ್ತರ ಬೇಡ ಅಂದದ್ದು. ಯಾರಾದರೂ ದುಡ್ಡು ಕೊಟ್ಟು 'ಬರೆದುಕೊಡಿ' ಅಂತ ಹೇಳಿ ಪೇಂಟಿಂಗ್ ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಅದರ ಕಾಪಿರೈಟ್ ಬರೆಸಿದವರದ್ದೇ ಆಗುತ್ತೆ. ಸೆಕ್ಷನ್ 17ರಲ್ಲಿ ಹಾಗಿದೆ. ಎಷ್ಟೋ ಕಲಾವಿದರು 'ನಾನು ಯಾವುದಕ್ಕೂ ಸಹಿ ಹಾಕಿಲ್ಲ, ಹಾಗಾಗಿ ಹಕ್ಕು ನನ್ನದೇ' ಅಂದುಕೊಂಡಿರುತ್ತಾರೆ. ಆರ್ಡರ್ ಮೇಲೆ ಬರೆದ ಚಿತ್ರಕ್ಕೆ ಅದು ಉಲ್ಟಾ. ನೀವೇ ನಿಮ್ಮ ಪಾಡಿಗೆ ಬರೆದಿಟ್ಟ ಚಿತ್ರಗಳಿಂದ ಅವರು ಆರಿಸಿಕೊಂಡರೆ ಮಾತ್ರ ಹಕ್ಕು ನಿಮ್ಮಲ್ಲೇ ಇರುತ್ತೆ.

ಎರಡನೆಯದು ಇನ್ನೂ ಸೂಕ್ಷ್ಮ. ಚಿತ್ರವೊಂದನ್ನು ಬಟ್ಟೆಯ ವಿನ್ಯಾಸವಾಗಿ ಬಳಸಿ 50ಕ್ಕಿಂತ ಹೆಚ್ಚು ಸಲ ಮೆಷಿನ್ನಿನಲ್ಲಿ ಅಚ್ಚು ಹಾಕಿದರೆ, ಡಿಸೈನ್ ಕಾಯ್ದೆಯಲ್ಲಿ ನೋಂದಣಿ ಮಾಡಿಸದಿದ್ದಲ್ಲಿ, ಆ ವಿನ್ಯಾಸದ ಮೇಲಿನ ಕಾಪಿರೈಟ್ ಹೋಗುತ್ತೆ. ಅಂದರೆ 51ನೇ ಕುರ್ತಾ ಆದ ಮೇಲೆ ಬೇರೆ ಯಾವ ಕಂಪನಿ ಅದೇ ಪ್ರಿಂಟು ಹೊಡೆದರೂ ತಡೆಯೋದು ಕಷ್ಟ. ಗೋಡೆಗೆ ತೂಗುಹಾಕುವ ಮೂಲ ಚಿತ್ರದ ಹಕ್ಕು ಬೇರೆ, ಇದು ಬೇರೆ ಅಂತ ಕೋರ್ಟಿನಲ್ಲಿ ವಾದ ನಡೆದಿವೆ. ಆ ವಾದಕ್ಕೆ ನೀವು ದುಡ್ಡು ಸುರಿಯುವ ಸ್ಥಿತಿಗೆ ಹೋಗಬಾರದು. ಡಿಸೈನ್ ನೋಂದಣಿಗೆ ಹೊಸತಾಗಿರಬೇಕು ಅನ್ನುವ ಷರತ್ತು ಬೇರೆ. ಇನ್‌ಸ್ಟಾಗ್ರಾಂನಲ್ಲಿ ಎಲ್ಲರೂ ನೋಡಿದ ಮೇಲೆ ಅದು ಹೊಸತಲ್ಲ. ಮೆಟ್ರೊ ಚಿತ್ರದ ಗಾಡಿ ಈಗಾಗಲೇ ಬಿಟ್ಟಾಗಿದೆ. ಮುಂದೆ ಬಟ್ಟೆಗೆ ಅಂತ ಏನಾದರೂ ಯೋಚಿಸಿದ್ದರೆ ಪೋಸ್ಟ್ ಮಾಡುವ ಮೊದಲು ವಕೀಲರನ್ನು ಕಾಣಿ.

30,000ಕ್ಕೆ ಬರೋಣ. 12 ಚಿತ್ರ, ಒಂದಕ್ಕೆ 2,500. ಒಂದು ಚಿತ್ರಕ್ಕೆ ಮೂರು ದಿನ ಹಿಡಿದರೂ ದಿನಕ್ಕೆ 833 ರೂಪಾಯಿ, ಅದೂ ಎಂದೆಂದಿಗೂ ಎಲ್ಲಾ ಹಕ್ಕು ಸೇರಿ. ಮನೆಗೆ ಬಣ್ಣ ಬಳಿಯುವ ಮೇಸ್ತ್ರಿಯನ್ನು ಕರೆದು ಕೇಳಿ ನೋಡಿ, ನಗುತ್ತಾರೆ. ಹಾಗಂತ ಬಟ್ಟೆಗೆ ಕೊಡಲೇಬಾರದು ಅಂತ ನಾನು ಹೇಳಲ್ಲ. ಬಾಡಿಗೆಗೆ ಕೊಡಿ, ಮಾರಬೇಡಿ. ಈ ನಾಲ್ಕು ಚಿತ್ರ, ಸೀರೆಗೆ ಮಾತ್ರ, ಎರಡು ವರ್ಷ, ಇಂತಿಷ್ಟು ಪೀಸು, ಪೀಸಿಗೆ ಇಷ್ಟು ಪಾಲು, ಚೀಟಿಯ ಮೇಲೆ ಹೆಸರು. ಎಲ್ಲಾ ಬರಹದಲ್ಲಿ. ಅವಧಿ ಬರೆಯದಿದ್ದರೆ ಕಾನೂನು 5 ವರ್ಷ ಅಂತ ಹಿಡಿಯುತ್ತೆ, ಜಾಗ ಬರೆಯದಿದ್ದರೆ ಭಾರತ ಅಂತ. 'ಶಾಶ್ವತವಾಗಿ, ಜಗತ್ತಿನಾದ್ಯಂತ' ಅಂತ ಬರೆದಿದ್ದರೆ ಆ ರಕ್ಷಣೆಯೂ ಇಲ್ಲ. ಇದರ ಅಪಾಯ ಒಂದೇ, ಕಂಪನಿಯವರು ಸುಮ್ನೆ ಬೇರೆಯವರನ್ನು ಹುಡುಕಿಕೊಂಡು ಹೋಗಬಹುದು. ಹೋಗುತ್ತಾರೆ ಅಂತಲೇ ಇಟ್ಟುಕೊಳ್ಳಿ. ನಿಮಗೆ ಕೆಲಸ ಇದೆ, ಸಂಬಳ ಬರುತ್ತೆ. 'ಬೇಡ' ಅನ್ನೋ ಶಕ್ತಿ ಊರಿನ ಎಷ್ಟೋ ಚಿತ್ತಾರಗಿತ್ತಿಯರಿಗೆ ಇಲ್ಲ, ನಿಮಗಿದೆ. ಜನಗಢರು 2001ರ ಜುಲೈನಲ್ಲಿ ಜಪಾನಿನ ಒಂದು ಮ್ಯೂಸಿಯಂನಲ್ಲಿ ಬರೆಯುತ್ತಿದ್ದಾಗ ಜೀವ ಕಳೆದುಕೊಂಡರು. ಆಗ ವಯಸ್ಸು 40ರ ಆಸುಪಾಸು. ಆ ಸಾವಿನ ನಂತರವೇ ನಮ್ಮಲ್ಲಿ ಅನೇಕರು ಹಳ್ಳಿಯ ಕಲಾವಿದರು ಎಂಥ ಕಾಗದಕ್ಕೆ ಸಹಿ ಹಾಕಿ ದೂರ ಹೋಗುತ್ತಾರೆ ಅಂತ ಕೇಳೋಕೆ ಶುರು ಮಾಡಿದ್ದು.

ಇನ್ನೊಂದು ದಾರಿ ಇದೆ, ನಿಧಾನದ್ದು. ಬಟ್ಟೆ ಬಿಟ್ಟು ಮೂಲ ಚಿತ್ರಗಳನ್ನೇ ಮಾರುವುದು. ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಯುತ್ತಲ್ಲ, ಚಿತ್ರಕಲಾ ಪರಿಷತ್ತಿನದು, ಅಲ್ಲಿಗೆ ಅರ್ಜಿ ಹಾಕಿ. ಒಂದೇ ದಿನದಲ್ಲಿ ಸಾವಿರ ಸಲ 'ವಾರ್ಲಿ ಅಲ್ವಾ' ಕೇಳಿಸಿಕೊಳ್ಳಬೇಕಾಗುತ್ತೆ. ಅದಕ್ಕೊಂದು ಬೋರ್ಡು ಬರೆದಿಟ್ಟುಬಿಡಿ.

ಕೊನೆಯದು ಅಜ್ಜಿಯ ಹೆಸರು. ಮುಂದೆ ಹಾಕಬೇಡಿ. ಕೈ ನಿಮ್ಮದು, ಹೆಸರು ಅವರದು ಅಂದರೆ ಕೊಂಡವರು ಅವರೇ ಬರೆದದ್ದು ಅಂದುಕೊಳ್ಳುತ್ತಾರೆ. ಕ್ಯಾನ್ವಾಸಿನ ಹಿಂದೆ ಬರೆಯಿರಿ: ಬರೆದವರು ಯಾರು, ಕಲಿಸಿದವರು ಯಾರು, ಯಾವ ಊರಿನ ಎಳೆ, ಯಾವ ಬಣ್ಣ, ಯಾವ ವರ್ಷ. ಅಜ್ಜಿಯ ವಿನ್ಯಾಸವನ್ನು ಇದ್ದ ಹಾಗೇ ಬರೆದಿದ್ದರೆ ಅದನ್ನೂ ಹೇಳಿ, ದುಡ್ಡಿನಲ್ಲಿ ಅವರಿಗೊಂದು ಪಾಲು ಕೊಡಿ. 'ನಂಗ್ಯಾಕೆ' ಅಂತಾರೆ. ಆದರೂ ಕೊಡಿ. ನಾನು ಇಷ್ಟು ವರ್ಷ ತೆರೆದ ಪೆಟ್ಟಿಗೆಗಳಲ್ಲಿ ಸಿಕ್ಕ ಅರ್ಧಕ್ಕರ್ಧ ಚಿತ್ರಗಳ ಹಿಂದೆ ಹೆಂಗಸರ ಹೆಸರೇ ಇರಲಿಲ್ಲ, ಬರೀ ಜಾತಿ ಮತ್ತು ಜಿಲ್ಲೆ.

ಇದೆಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಒಂದಿದೆ. ಈ ಸಲ ಭೂಮಿ ಹುಣ್ಣಿಮೆಗೆ ಒಂದು ವಾರ ರಜೆ ಹಾಕಿ ಊರಿಗೆ ಹೋಗಿ. ಬುಟ್ಟಿಗೆ ಸಗಣಿ, ಕೆಮ್ಮಣ್ಣು ಸಾರಿಸುವ ಹಂತದಿಂದಲೇ ವಿಡಿಯೊ ಮಾಡಿ. ಮುಗಿದ ಬುಟ್ಟಿಯ ಫೋಟೊ ಎಲ್ಲರ ಹತ್ತಿರವೂ ಇದೆ. ಬೇಕಾಗಿರೋದು ಕೈ ನಡೆದ ದಾರಿ. ಮೊದಲ ಎಳೆ ಎಲ್ಲಿಂದ, ಎಷ್ಟು ಎಳೆಗೆ ಒಂದು ನಿಲಿ, ತಪ್ಪಿದರೆ ಹೇಗೆ ಮುಚ್ಚುತ್ತಾರೆ. ಅಜ್ಜಿಯ ಕೈ ನಡುಗಿದರೆ ನೀವು ಬರೆಯಿರಿ, ಅವರು ಬೈಯಲಿ. ಬೈಗುಳವೂ ರೆಕಾರ್ಡ್ ಆಗಲಿ, ಪಾಠ ಇರೋದು ಅದರಲ್ಲೇ. ಬರೆಯುವಾಗ ಹಾಡುವ ಹಾಡುಗಳನ್ನು ಬಿಡಬೇಡಿ. ಫೋನ್ ಹಿಡಿಯೋಕೆ ದೊಡ್ಡಪ್ಪನನ್ನು ಕೂರಿಸಿ. ಯಾರ ಮದುವೆಗೆ ಯಾವ ಗೋಡೆ ಬರೆದಿತ್ತು ಅಂತ ಅವರಿಗೆ ನೆನಪಿರುತ್ತೆ, ರೈಲಿನ ಸಿಟ್ಟೂ ಸ್ವಲ್ಪ ಇಳಿಯಬಹುದು.

ಅಂದ ಹಾಗೆ, ಮೆಟ್ರೊ ಚಿತ್ರ ನೋಡಿ ಅಜ್ಜಿ ಯಾಕೆ ನಕ್ಕರು ಅಂತ ನೀವು ಕೇಳಿದ ಹಾಗೆ ಕಾಣಲ್ಲ. ಕೇಳಿ. ಏನಂದರು ಅಂತ ನನಗೂ ಬರೆಯಿರಿ.